ಗಿಂಪ್‌ನಲ್ಲಿ ಇನ್‌ಸ್ಟಾಗ್ರಾಮ್ ಶೈಲಿಯ ಬಣ್ಣ: ಏಳು ವರ್ಷಗಳ ಬಳಕೆಯ ಅನುಭವ

ಯಕ್ಷಗಾನದ ಫೋಟೊ ತೆಗೆಯುವುದು ನನ್ನ ಬಹುಕಾಲದ ಹವ್ಯಾಸ. 2018ರಲ್ಲಿ ಗಿಂಪ್ 2.10 ಬಿಡುಗಡೆಯಾದ ಮೇಲೆ ಆ ಫೋಟೊಗಳನ್ನೆಲ್ಲ ಇದರಲ್ಲೇ ತಿದ್ದುತ್ತ ಬಂದಿದ್ದೇನೆ. ಇದು ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶ. ಆದರೆ ನಾನು ಇದನ್ನು ಬಿಡದಿರುವುದಕ್ಕೆ ಕಾರಣ ಅದಲ್ಲ.

ಅದಕ್ಕೂ ಮೊದಲು ಫೋನಿನ ಸಿದ್ಧ ಫಿಲ್ಟರ್‌ಗಳನ್ನೇ ಹಾಕುತ್ತಿದ್ದೆ. ರಂಗಸ್ಥಳದ ದೀಪದಲ್ಲಿ ತೆಗೆದ ಬಣ್ಣದ ವೇಷದ ಫೋಟೊಗೆ ಗಾಢವಾದ ಫಿಲ್ಟರ್ ಹಾಕಿದರೆ ಕೆಂಪು ಕಣ್ಣಿಗೆ ಹೊಡೆಯುತ್ತಿತ್ತು, ಕಲಾವಿದರು ಗಂಟೆಗಟ್ಟಲೆ ಕುಳಿತು ಮುಖದ ಮೇಲೆ ಇಟ್ಟ ಚುಟ್ಟಿಯ (ಬಿಳಿ ಅಲಂಕಾರದ) ಚುಕ್ಕೆಗಳೆಲ್ಲ ಕಲೆತು ಒಂದೇ ಬಿಳಿ ಪಟ್ಟಿಯಾಗುತ್ತಿದ್ದವು. ಆ ಮುಖವನ್ನು ಹತ್ತಿರದಿಂದ ಕಂಡವರಿಗೆ ಇದು ಸಣ್ಣ ನಷ್ಟವಲ್ಲ.

ಇನ್‌ಸ್ಟಾಗ್ರಾಮ್ 2010ರಲ್ಲಿ ಜನಪ್ರಿಯಗೊಳಿಸಿದ ಎಕ್ಸ್-ಪ್ರೊ ಬಗೆಯ ಬಣ್ಣದ ಮೂಲ ಹಳೆಯ ರೀಲಿನ ಕಾಲದ್ದು. ಸ್ಲೈಡ್ ಫಿಲ್ಮನ್ನು ನೆಗೆಟಿವ್ ಫಿಲ್ಮಿನ ರಾಸಾಯನಿಕದಲ್ಲಿ ತೊಳೆದಾಗ ಬಣ್ಣಗಳು ಓರೆಯಾಗಿ, ನೆರಳು ಬೆಳಕುಗಳ ಅಂತರ ಹೆಚ್ಚುತ್ತಿತ್ತು. ಒಂದು ಗೆರೆಯನ್ನು ಬಾಗಿಸಿ ಬೆಳಕು ಬಣ್ಣಗಳನ್ನು ಹೊಂದಿಸುವ ಗಿಂಪ್‌ನ ಕರ್ವ್ಸ್ ಉಪಕರಣದಲ್ಲಿ ಇದನ್ನು ಕೈಯಾರೆ ಮಾಡಬಹುದು: ಕೆಂಪು ಮತ್ತು ಹಸಿರು ಚಾನೆಲ್‌ಗಳ (ಚಿತ್ರದ ಮೂಲ ಬಣ್ಣಗಳ ಭಾಗಗಳ) ಗೆರೆಯನ್ನು ತುಸು ಎಸ್ ಆಕಾರಕ್ಕೆ ಬಾಗಿಸಿ, ನೀಲಿ ಚಾನೆಲ್‌ನ ಕೆಳತುದಿಯನ್ನು ಮೇಲೆತ್ತಿ ಮೇಲ್ತುದಿಯನ್ನು ಇಳಿಸಿದರೆ ನೆರಳಿಗೆ ನೀಲಿಯೂ ಬೆಳಕಿಗೆ ಹಳದಿಯೂ ಬರುತ್ತವೆ. ನಾನು ಇದನ್ನು ನಕಲು ಪದರದ ಮೇಲೆ ಮಾಡಿ, ಆ ಪದರದ ಅಪಾರದರ್ಶಕತೆಯನ್ನು 40ರಿಂದ 60 ಪ್ರತಿಶತಕ್ಕೆ ಇಳಿಸಿ, ಮುಖದ ಭಾಗವನ್ನು ಲೇಯರ್ ಮಾಸ್ಕ್‌ನಲ್ಲಿ (ಕಪ್ಪು ಹಚ್ಚಿದ ಕಡೆ ಪದರವನ್ನು ಮರೆಮಾಡುವ ಸೌಲಭ್ಯ) ಕಪ್ಪು ಕುಂಚದಿಂದ ಸವರುತ್ತೇನೆ. ಹಿನ್ನೆಲೆಗೆ ಬೇಕಾದ ಬಣ್ಣ ಬರುತ್ತದೆ, ಚುಟ್ಟಿ ಇದ್ದಂತೆಯೇ ಉಳಿಯುತ್ತದೆ. ಒಮ್ಮೆ ಹೊಂದಿಸಿದ ಕರ್ವ್ಸ್ ಗೆರೆಯನ್ನು ಹೆಸರಿಟ್ಟು ಉಳಿಸಿಕೊಂಡರೆ ಮುಂದಿನ ಫೋಟೊಗೆ ಎರಡು ಕ್ಲಿಕ್ ಸಾಕು.

ಇಷ್ಟು ತಾಳ್ಮೆ ಇಲ್ಲದವರಿಗೆ ಫ್ರಾನ್ಸಿನ ಕಾನ್ (Caen) ನಗರದ ಗ್ರೇಕ್ ಪ್ರಯೋಗಾಲಯದಲ್ಲಿ ರೂಪುಗೊಂಡ ಜಿಮಿಕ್ (G'MIC) ಎಂಬ ಪ್ಲಗಿನ್, ಅಂದರೆ ಗಿಂಪ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ತಂತ್ರಾಂಶ, ಇದೆ. ಅದರಲ್ಲಿ 500ಕ್ಕೂ ಹೆಚ್ಚು ಫಿಲ್ಟರ್‌ಗಳಿದ್ದು, ಹಳೆಯ ಫಿಲ್ಮ್‌ಗಳ ಬಣ್ಣವನ್ನು ಅನುಕರಿಸುವ ವಿಭಾಗವೊಂದೇ ನನಗೆ ಸಾಕಾಗಿದೆ. ಫಲಿತಾಂಶವನ್ನು ಹೊಸ ಪದರವಾಗಿ ಪಡೆಯುವ ಆಯ್ಕೆಯನ್ನು ತಪ್ಪದೆ ಬಳಸಿರಿ. ನನ್ನ ಲ್ಯಾಪ್‌ಟಾಪ್‌ನಲ್ಲಿ ದೊಡ್ಡ ಫೋಟೊಗಳಿಗೆ ಇದು ನಿಧಾನವೇ.

2.10ರಲ್ಲಿ ಒಮ್ಮೆ ಹಾಕಿದ ಫಿಲ್ಟರ್ ಪದರದಲ್ಲೇ ಬೆರೆತುಹೋಗುತ್ತಿತ್ತು. ಮೊದಲ ವರ್ಷ ನಾನು ಎಕ್ಸ್‌ಸಿಎಫ್ ಕಡತವನ್ನು (ಪದರಗಳನ್ನು ಹಾಗೇ ಕಾಪಾಡುವ ಗಿಂಪ್‌ನ ಸ್ವಂತ ಕಡತ) ಉಳಿಸದೆ ಮೂಲ ಜೆಪೆಗ್‌ನ ಮೇಲೆಯೇ ರಫ್ತು ಮಾಡಿ, ಒಂದು ಇಡೀ ರಾತ್ರಿಯ ಪ್ರಸಂಗದ ಮೂಲ ಬಣ್ಣಗಳನ್ನು ಕಳೆದುಕೊಂಡೆ. ಅದರ ಬೇಸರ ಇಂದಿಗೂ ಇದೆ. 2025ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿಯಲ್ಲಿ ಹೆಚ್ಚಿನ ಫಿಲ್ಟರ್‌ಗಳನ್ನು ಹಾಕಿದ ಮೇಲೂ ಬದಲಿಸಬಹುದು, ತೆಗೆದುಹಾಕಲೂಬಹುದು. ಇಷ್ಟು ವರ್ಷ ನಾನು ಕಾದದ್ದು ಇದಕ್ಕಾಗಿಯೇ.

ಕಲಿಯಲು ನನಗೆ ಎರಡು ತಿಂಗಳು ಹಿಡಿಯಿತು. ಈಗ ಚೌಕಿಯ (ವೇಷ ಕಟ್ಟುವ ಕೋಣೆಯ) ಫೋಟೊಗಳಿಗೊಂದು, ರಂಗಸ್ಥಳದ ಫೋಟೊಗಳಿಗೊಂದು ಬೇರೆ ಬೇರೆ ಗೆರೆಗಳಿವೆ. ಚೌಕಿಯ ಹಳದಿ ಬಲ್ಬಿಗೆ ನೀಲಿಯ ಮೇಲ್ತುದಿಯನ್ನು ಇಳಿಸುವ ಅಗತ್ಯವೇ ಬೀಳುವುದಿಲ್ಲ.