ಫೋಲ್ಡರ್‌ಗಳಿಲ್ಲದೆ ಇಮೇಲ್ ನಿರ್ವಹಣೆ: ಕನ್ನಡ ಪತ್ರಗಳೊಂದಿಗೆ ಮೂರು ವಿಧಾನಗಳ ಹೋಲಿಕೆ

ನಾನು ಕನ್ನಡ ಪುಸ್ತಕಗಳ ಕರಡು ತಿದ್ದುವವನು. ಒಂದು ಪುಸ್ತಕ ಅಚ್ಚಿಗೆ ಹೋಗುವಷ್ಟರಲ್ಲಿ ಲೇಖಕರು, ಪ್ರಕಾಶಕರು, ಪುಟವಿನ್ಯಾಸ ಮಾಡುವವರು, ಮುಖಪುಟದ ಕಲಾವಿದರು ಹೀಗೆ ನಾಲ್ಕೈದು ಜನರೊಡನೆ ಹತ್ತಾರು ಇಮೇಲ್‌ಗಳು ಹೋಗಿ ಬರುತ್ತವೆ, ಮತ್ತು ಒಂದೇ ಕಾಲಕ್ಕೆ ನಾಲ್ಕಾರು ಪುಸ್ತಕಗಳ ಕೆಲಸ ನಡೆಯುತ್ತಿರುತ್ತದೆ. ಇವನ್ನೆಲ್ಲ ಹಿಡಿತದಲ್ಲಿಡಲು ನಾನು ಅನೇಕ ವರ್ಷ 40ಕ್ಕೂ ಹೆಚ್ಚು ಫೋಲ್ಡರ್‌ಗಳನ್ನು ಇಟ್ಟುಕೊಂಡಿದ್ದೆ. ಪ್ರಕಾಶಕರಿಗೆ ಒಂದೊಂದು, ಕೆಲವು ಲೇಖಕರಿಗೆ ಒಂದೊಂದು, ಮಾಲಿಕೆಗಳಿಗೆ ಬೇರೆ, ಬ್ಯಾಂಕು ಮತ್ತು ತೆರಿಗೆಗೆ ಬೇರೆ. ಒಬ್ಬ ಲೇಖಕರು ತಿದ್ದಿ ಕಳುಹಿಸಿದ ಮುನ್ನುಡಿಯನ್ನು ನಾನು ಮಾಲಿಕೆಯ ಫೋಲ್ಡರಿಗೆ ಹಾಕಿ, ಎರಡು ತಿಂಗಳ ಬಳಿಕ ಅದನ್ನು ಅವರ ಹೆಸರಿನ ಫೋಲ್ಡರಿನಲ್ಲಿ ಹುಡುಕಿದೆ. ಅಲ್ಲಿ ಸಿಕ್ಕಿದ್ದು ಹಳೆಯ ಪ್ರತಿ, ಮುದ್ರಣಕ್ಕೆ ಹೋದದ್ದೂ ಅದೇ. ತಪ್ಪು-ಒಪ್ಪುಗಳ ಪಟ್ಟಿಯಾದ ಒಪ್ಪೋಲೆಯನ್ನು ಅಚ್ಚು ಹಾಕಿಸಿ ಪ್ರತಿಯೊಂದು ಪುಸ್ತಕದಲ್ಲೂ ಇಡಬೇಕಾಯಿತು.

ಆ ಪತ್ರ ಎರಡು ಫೋಲ್ಡರ್‌ಗಳಿಗೂ ಸೇರಿದ್ದಾಗಿತ್ತು. ಅದನ್ನು ಒಂದರಲ್ಲಿ ಮಾತ್ರ ಇಡಲು ಸಾಧ್ಯವಿದ್ದುದರಿಂದ ತೊಂದರೆ ನನ್ನ ಅಜಾಗರೂಕತೆಯಲ್ಲಿ ಎಷ್ಟಿತ್ತೋ ಏರ್ಪಾಟಿನಲ್ಲೂ ಅಷ್ಟೇ ಇತ್ತು. ಹಾಗಾಗಿ ಫೋಲ್ಡರ್‌ಗಳನ್ನು ಪೂರ್ತಿ ಬಿಟ್ಟು ಮೂರು ವಿಧಾನಗಳನ್ನು ಎರಡೆರಡು ತಿಂಗಳು ಬಳಸಿ ನೋಡಿದೆ. ಮೊದಲನೆಯದು ಜಿಮೇಲ್‌ನಲ್ಲಿ ಎಲ್ಲ ಪತ್ರಗಳನ್ನೂ ಆರ್ಕೈವ್ ಮಾಡಿ, ಅಂದರೆ ಅಳಿಸದೆ ಇನ್‌ಬಾಕ್ಸಿನಿಂದ ಸರಿಸಿಟ್ಟು, ಬೇಕಾದಾಗ ಹುಡುಕಿ ತೆಗೆಯುವುದು. ಎರಡನೆಯದು ಅಲ್ಲಿಯೇ, ಬರುವ ಪತ್ರಗಳಿಗೆ ನಾವು ಬರೆದಿಡುವ ನಿಯಮಗಳಾದ ಫಿಲ್ಟರ್‌ಗಳ ಮೂಲಕ ಲೇಬಲ್‌ಗಳು ತಾವಾಗಿ ಅಂಟುವಂತೆ ಮಾಡುವುದು. ಮೂರನೆಯದು ಅದೇ ಖಾತೆಯನ್ನು ಕಂಪ್ಯೂಟರಿನಲ್ಲಿ ಇಮೇಲ್ ಓದುವ ತಂತ್ರಾಂಶವಾದ ಥಂಡರ್‌ಬರ್ಡ್‌ನಲ್ಲಿ ತೆರೆದು, ಎಲ್ಲ ಪತ್ರಗಳಿರುವ ಒಂದೇ ಪಟ್ಟಿಯನ್ನು ಬೇಕಾದ ಪತ್ರಗಳನ್ನಷ್ಟೇ ಉಳಿಸಿ ತೋರಿಸುವ ಅದರ ಕ್ವಿಕ್ ಫಿಲ್ಟರ್‌ನಿಂದ ಸೋಸುವುದು. ಇಂತಹ ಹೋಲಿಕೆಗಳನ್ನು ಇಂಗ್ಲಿಷಿನಲ್ಲಿ ಬಹಳ ಜನ ಬರೆದಿದ್ದಾರೆ. ಆದರೆ ಪತ್ರಗಳು ಕನ್ನಡದಲ್ಲಿದ್ದಾಗ ತೀರ್ಮಾನ ಬೇರೆಯಾಗುತ್ತದೆ ಎಂಬುದು ನನಗೆ ಈ ಆರು ತಿಂಗಳಲ್ಲಿ ತಿಳಿದ ಸಂಗತಿ, ಮತ್ತು ಇದನ್ನು ಬರೆಯುತ್ತಿರುವುದೂ ಆ ಕಾರಣಕ್ಕಾಗಿಯೇ.

ಫೋಲ್ಡರಿನ ಅಭ್ಯಾಸ ಜಾಗದ ಅಭಾವವಿದ್ದ ಕಾಲದಲ್ಲಿ ಬಲಿತದ್ದು. 2004ರ ಏಪ್ರಿಲ್ 1ರಂದು ಜಿಮೇಲ್ 1 ಗಿಗಾಬೈಟ್ ಜಾಗದೊಂದಿಗೆ ಬಂದಾಗ ಹಾಟ್‌ಮೇಲ್ ಉಚಿತವಾಗಿ ಕೊಡುತ್ತಿದ್ದದ್ದು 2 ಮೆಗಾಬೈಟ್, ಯಾಹೂ ಕೊಡುತ್ತಿದ್ದದ್ದು 4 ಮೆಗಾಬೈಟ್. ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು ಎಂದು ದಿನವೂ ವಿಂಗಡಿಸಲೇಬೇಕಾದ ಸ್ಥಿತಿ ಅದು. ಜಾಗ ಸಿಕ್ಕ ಮೇಲೂ ಅಭ್ಯಾಸ ಉಳಿಯಿತು. ಐಬಿಎಂನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು 345 ಬಳಕೆದಾರರು ಹಳೆಯ ಪತ್ರಗಳನ್ನು 85,000ಕ್ಕೂ ಹೆಚ್ಚು ಬಾರಿ ಹುಡುಕಿದ್ದನ್ನು ಪರಿಶೀಲಿಸಿ, ಶ್ರಮಪಟ್ಟು ಫೋಲ್ಡರ್ ಮಾಡಿದವರಿಗೆ ಪತ್ರಗಳು ಹೆಚ್ಚು ಸಲೀಸಾಗಿ ಸಿಗುವುದಿಲ್ಲ ಎಂದು ಕಂಡುಕೊಂಡಿತು. ಅದು ಭಾಷೆಗಳನ್ನು ಹೋಲಿಸಿದ ಅಧ್ಯಯನವಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು.

ಮೊದಲ ವಿಧಾನದ ಸುಖ ಮೊದಲ ವಾರದಲ್ಲೇ ಗೊತ್ತಾಗುತ್ತದೆ. ಪತ್ರ ಓದಿ, ಉತ್ತರ ಬರೆದು, ಆರ್ಕೈವ್ ಗುಂಡಿ ಒತ್ತಿದರೆ ಅದು ಇನ್‌ಬಾಕ್ಸಿನಿಂದ ಸರಿದುಹೋಗುತ್ತದೆ. ಯಾವ ಫೋಲ್ಡರ್ ಎಂಬ ಪ್ರಶ್ನೆಯೇ ಏಳುವುದಿಲ್ಲ. ಕೀಲಿಮಣೆಯ ಶಾರ್ಟ್‌ಕಟ್‌ಗಳನ್ನು ಸೆಟ್ಟಿಂಗ್ಸ್‌ನಲ್ಲಿ ಚಾಲೂ ಮಾಡಿಕೊಂಡರೆ ಇಂಗ್ಲಿಷಿನ 'ಇ' ಅಕ್ಷರ ಒತ್ತಿದರೆ ಸಾಕು. ಯಾರಾದರೂ ಮರುತ್ತರ ಬರೆದರೆ ಇಡೀ ಸಂಭಾಷಣೆ ಮತ್ತೆ ಇನ್‌ಬಾಕ್ಸಿಗೆ ಬರುತ್ತದೆಯಾದ್ದರಿಂದ ಆರ್ಕೈವ್ ಮಾಡಿದ್ದು ಕೈತಪ್ಪಿತು ಎಂಬ ಭಯವೂ ಬೇಡ.

ಹುಡುಕಾಟಕ್ಕೆ ಮೇಲಿನ ಪೆಟ್ಟಿಗೆಯ ಬಲತುದಿಯಲ್ಲಿರುವ ಗುರುತನ್ನು ಒತ್ತಿದರೆ ಒಂದು ಫಾರಂ ತೆರೆಯುತ್ತದೆ. ಯಾರಿಂದ, ಯಾರಿಗೆ, ಯಾವ ದಿನಾಂಕದ ಆಸುಪಾಸು, ಎಷ್ಟು ದೊಡ್ಡದು, ಅಟ್ಯಾಚ್‌ಮೆಂಟ್ ಇದೆಯೇ ಎಂಬುದನ್ನೆಲ್ಲ ಅಲ್ಲಿ ತುಂಬಬಹುದು. ಲೇಖಕರ ಇಮೇಲ್ ವಿಳಾಸ, ಅಟ್ಯಾಚ್‌ಮೆಂಟ್ ಇರಬೇಕೆಂಬ ಗುರುತು, ಅಂದಾಜು ದಿನಾಂಕ ಇವಿಷ್ಟನ್ನು ಕೊಟ್ಟಾಗ ಆ ಮುನ್ನುಡಿಯ ಪತ್ರ ಮೊದಲ ಪರದೆಯಲ್ಲೇ ಕಂಡಿತು. ವ್ಯಕ್ತಿ, ಕಾಲ, ಅಟ್ಯಾಚ್‌ಮೆಂಟ್ ಈ ಮೂರನ್ನು ಆಧರಿಸಿ ಹುಡುಕುವಷ್ಟು ಕಾಲ ಈ ವಿಧಾನಕ್ಕೆ ಎದುರಿಲ್ಲ ಎಂದೇ ಹೇಳುತ್ತೇನೆ.

ಆದರೆ ಯಾರು ಬರೆದರೆಂಬುದು ಮರೆತಿದ್ದು, ಪತ್ರದಲ್ಲಿದ್ದ ಒಂದು ಪದ ಮಾತ್ರ ನೆನಪಿದ್ದರೆ ಕಷ್ಟ ಆರಂಭವಾಗುತ್ತದೆ. ಜಿಮೇಲ್ ಹುಡುಕುವುದು ಇಡೀ ಪದಗಳನ್ನು. ಪದದ ಒಂದು ತುಣುಕನ್ನು ಕೊಟ್ಟರೆ ಅದು ಒಳಗಿರುವ ಪದಗಳನ್ನು ತೆಗೆದುಕೊಡುವುದಿಲ್ಲ. ಇಂಗ್ಲಿಷಿನಲ್ಲಿ ನಾಮಪದಗಳ ರೂಪ ಅಷ್ಟಾಗಿ ಬದಲಾಗದ ಕಾರಣ ಇದು ದೊಡ್ಡ ಅಡ್ಡಿಯಲ್ಲ. ಕನ್ನಡದಲ್ಲಾದರೋ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುತ್ತದೆ. 'ಕರಡು' ಎಂದು ಹುಡುಕಿದಾಗ 'ಕರಡನ್ನು ಕಳುಹಿಸಿದ್ದೇನೆ', 'ಎರಡನೆಯ ಕರಡಿನಲ್ಲಿ', 'ಕರಡಿಗೆ ಸಂಬಂಧಿಸಿದಂತೆ' ಎಂದು ಬರೆದಿದ್ದ ಪತ್ರಗಳು ನನಗೆ ಸಿಗಲಿಲ್ಲ. ನಿಜವಾದ ವಾಕ್ಯಗಳಲ್ಲಿ 'ಕರಡು' ಎಂಬ ಬರಿಯ ರೂಪ ಬರುವುದಕ್ಕಿಂತ ಪ್ರತ್ಯಯ ಸೇರಿದ ರೂಪಗಳು ಬರುವುದೇ ಹೆಚ್ಚು ಎಂಬುದನ್ನು ಯಾರ ಪತ್ರ ತೆರೆದರೂ ಕಾಣಬಹುದು. ಇದಕ್ಕೆ ಸಂಧಿಯನ್ನೂ ಸೇರಿಸಿಕೊಳ್ಳಿ. 'ಕರಡೆಲ್ಲ ಮುಗಿಯಿತು' ಎಂದು ಒಬ್ಬರು ಬರೆದರೆ ಅದು ಇನ್ನೊಂದೇ ಪದ. ಇಂಗ್ಲಿಷಿನ 'ಆರ್' ಎಂಬ ಪದವನ್ನು ದೊಡ್ಡಕ್ಷರಗಳಲ್ಲಿ ನಡುವೆ ಇಟ್ಟು 'ಕರಡು', 'ಕರಡನ್ನು', 'ಕರಡಿನ', 'ಕರಡಿನಲ್ಲಿ' ಎಂದು ಎಲ್ಲ ರೂಪಗಳನ್ನೂ ಒಟ್ಟಿಗೆ ಕೇಳಲು ಸಾಧ್ಯವಿದೆ, ಆದರೆ ಫೋನಿನಲ್ಲಿ ಅಷ್ಟನ್ನು ಟೈಪ್ ಮಾಡುವ ತಾಳ್ಮೆ ಕೆಲಸದ ನಡುವೆ ಇರುವುದಿಲ್ಲ.

ಪ್ರತ್ಯಯಗಳಲ್ಲದೆ ಲಿಪಿಯ ತೊಡಕೂ ಇದೆ. ನಮ್ಮ ಪುಸ್ತಕ ಲೋಕದಲ್ಲಿ ಇಂದಿಗೂ ಹಳೆಯ ನುಡಿ ಫಾಂಟುಗಳಲ್ಲಿ, ಶ್ರೀಲಿಪಿ ತಂತ್ರಾಂಶದಲ್ಲಿ ಅಕ್ಷರ ಜೋಡಿಸುವವರು ಇದ್ದಾರೆ. ಇಂದು ಎಲ್ಲೆಡೆ ಬಳಕೆಯಲ್ಲಿರುವ ಯೂನಿಕೋಡ್ ಎಂಬ ಅಕ್ಷರ ಸಂಕೇತಕ್ರಮದಲ್ಲಿ ಇಲ್ಲದ ಆ ಬರಹವನ್ನು ಹಾಗೆಯೇ ಪತ್ರಕ್ಕೆ ಅಂಟಿಸಿದರೆ ಅದು ನೆತ್ತಿಯ ಮೇಲೆ ಗೀಟು ಚುಕ್ಕಿಗಳಿರುವ ರೋಮನ್ ಅಕ್ಷರಗಳ ಸಾಲಾಗಿ ಬರುತ್ತದೆ, ಮತ್ತು ಕನ್ನಡ ಪದ ಕೊಟ್ಟು ಅದನ್ನು ಹುಡುಕುವುದು ಯಾವ ಸಾಧನದಲ್ಲೂ ಸಾಧ್ಯವಿಲ್ಲ. ಅಂತಹ ಫಾಂಟಿನಿಂದ ತಯಾರಾದ ಪಿಡಿಎಫ್‌ನ ಒಳಗಿನ ಪಠ್ಯದ ಗತಿಯೂ ಅದೇ. ಇನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವ ಹಿರಿಯ ಲೇಖಕರೊಬ್ಬರು ಒಂದೇ ಪತ್ರದಲ್ಲಿ ಒಂದೇ ಪದಕ್ಕೆ ಮೂರು ಕಾಗುಣಿತ ಬಳಸುತ್ತಾರೆ. ಅವರ ಪತ್ರಗಳನ್ನು ವಿಳಾಸದಿಂದಲ್ಲದೆ ಬೇರೆ ರೀತಿಯಲ್ಲಿ ಹುಡುಕುವ ಪ್ರಯತ್ನವನ್ನೇ ನಾನು ಬಿಟ್ಟಿದ್ದೇನೆ.

ಎರಡನೆಯ ವಿಧಾನದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಲೇಬಲ್ ಎಂಬುದು ಫೋಲ್ಡರ್ ಅಲ್ಲ, ಏಕೆಂದರೆ ಒಂದೇ ಪತ್ರಕ್ಕೆ ಎಷ್ಟು ಲೇಬಲ್‌ಗಳನ್ನಾದರೂ ಅಂಟಿಸಬಹುದು. ಮುನ್ನುಡಿಯ ಪತ್ರ ಲೇಖಕರ ಲೇಬಲ್ಲನ್ನೂ ಮಾಲಿಕೆಯ ಲೇಬಲ್ಲನ್ನೂ ಹೊತ್ತಿರಬಹುದಿತ್ತು. ಕಳುಹಿಸಿದವರ ವಿಳಾಸವನ್ನು ಆಧರಿಸಿ ಫಿಲ್ಟರ್ ಬರೆದಿಟ್ಟರೆ ಬ್ಯಾಂಕು, ವಿದ್ಯುತ್ ಬಿಲ್ಲು, ತೆರಿಗೆಯ ಪತ್ರಗಳು ಇನ್‌ಬಾಕ್ಸಿಗೆ ಬಾರದೆ ನೇರವಾಗಿ ತಮ್ಮ ಲೇಬಲ್ ಅಡಿಯಲ್ಲಿ ಕೂರುತ್ತವೆ. ನನ್ನ ವಿಳಾಸದಲ್ಲಿ ಹೆಸರಿನ ನಂತರ ಒಂದು ಕೂಡಿಸುವ ಚಿಹ್ನೆ ಹಾಕಿ 'ಬಿಲ್' ಎಂಬ ಪದ ಸೇರಿಸಿ ಅಂಗಡಿಗಳಿಗೆ ಕೊಟ್ಟೆ. ಜಿಮೇಲ್ ಅದನ್ನು ನನ್ನ ವಿಳಾಸವೆಂದೇ ಸ್ವೀಕರಿಸುವುದರಿಂದ ಅಂತಹ ಪತ್ರಗಳಿಗೆಲ್ಲ ಒಂದೇ ಫಿಲ್ಟರ್ ಸಾಕಾಯಿತು. ಯಂತ್ರ ಕಳುಹಿಸುವ ಪತ್ರಗಳಿಗೆ ಇದಕ್ಕಿಂತ ಒಳ್ಳೆಯ ಏರ್ಪಾಟನ್ನು ನಾನು ಕಂಡಿಲ್ಲ. ಮನುಷ್ಯರು ಬರೆಯುವ ಪತ್ರಗಳಿಗೆ ಮಾತ್ರ ಇದು ಒಗ್ಗಲಿಲ್ಲ. ಒಬ್ಬ ಪ್ರಕಾಶಕರು ಒಂದೇ ವಿಳಾಸದಿಂದ ಐದು ಪುಸ್ತಕಗಳ ಬಗ್ಗೆ ಬರೆಯುತ್ತಾರೆ, ಯಾವ ಪುಸ್ತಕವೆಂಬುದು ವಿಷಯದ ಸಾಲಿನಲ್ಲಿ ಇರುವುದಿಲ್ಲ, ಇದ್ದರೂ ಮೇಲೆ ಹೇಳಿದ ಪ್ರತ್ಯಯದ ತೊಡಕು ಫಿಲ್ಟರಿಗೂ ಇದೆ. ಕೊನೆಗೆ ಲೇಬಲ್‌ಗಳನ್ನು ಕೈಯಿಂದಲೇ ಅಂಟಿಸುತ್ತ ಕುಳಿತೆ. ಅದು ಫೋಲ್ಡರಿನ ಶ್ರಮವೇ.

ಮೂರನೆಯ ವಿಧಾನ ಹೊಂದಿಸುವಾಗ ಬೇಸರ ತರಿಸಿತು. ಥಂಡರ್‌ಬರ್ಡ್ ಜಿಮೇಲ್‌ನ ಲೇಬಲ್‌ಗಳನ್ನು ಫೋಲ್ಡರ್‌ಗಳಾಗಿ ತೋರಿಸುತ್ತದೆ, ಆದ್ದರಿಂದ ಒಂದೇ ಪತ್ರ 'ಎಲ್ಲ ಪತ್ರಗಳು' ಎಂಬಲ್ಲಿಯೂ ಲೇಬಲ್ಲಿನ ಅಡಿಯಲ್ಲಿಯೂ ಇಳಿದು ಡಿಸ್ಕಿನ ಜಾಗ ತಿನ್ನುತ್ತದೆ. ಜಿಮೇಲ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಒಂದೊಂದು ಲೇಬಲ್ಲಿನ ಮುಂದೆಯೂ, ಬೇರೆ ತಂತ್ರಾಂಶಗಳು ಜಿಮೇಲ್ ಪತ್ರಗಳನ್ನು ಓದುವ ದಾರಿಯಾದ ಐಮ್ಯಾಪ್‌ನಲ್ಲಿ ತೋರಿಸು ಎಂಬ ಗುರುತನ್ನು ತೆಗೆದು, 'ಎಲ್ಲ ಪತ್ರಗಳು' ಒಂದನ್ನು ಉಳಿಸಿಕೊಂಡ ಮೇಲೆ ಸರಿಹೋಯಿತು. ಆ ಪಟ್ಟಿಯಲ್ಲಿ ನಾನು ಬರೆದವೂ ನನಗೆ ಬಂದವೂ ಒಟ್ಟಿಗೆ ಇರುತ್ತವೆ ಎಂಬುದು ದೊಡ್ಡ ಅನುಕೂಲ.

ಕ್ವಿಕ್ ಫಿಲ್ಟರ್ ಕೆಲಸ ಮಾಡುವುದು ಅಕ್ಷರಗಳ ಸರಣಿಯನ್ನು ಹೊಂದಿಸಿ. 'ಕರಡ' ಎಂದಷ್ಟೇ ಟೈಪ್ ಮಾಡಿದರೆ ಕರಡು, ಕರಡನ್ನು, ಕರಡಿನಲ್ಲಿ, ಕರಡುಗಳು, ಕರಡೆಲ್ಲ ಇರುವ ಪತ್ರಗಳೆಲ್ಲ ಉಳಿದು ಮಿಕ್ಕವು ಮರೆಯಾಗುತ್ತವೆ. ಮಕ್ಕಳ ಪುಸ್ತಕವೊಂದರ ಕರಡಿಯೂ ಆ ಪಟ್ಟಿಯಲ್ಲಿ ಬಂದಿತ್ತು. ಅಂತಹ ಒಂದೆರಡು ಪತ್ರಗಳನ್ನು ದಾಟಿಹೋಗುವುದು ಕಷ್ಟವಲ್ಲ. ಕನ್ನಡದ ಪ್ರತ್ಯಯಗಳು ಪದದ ಕೊನೆಗೆ ಸೇರುವುದರಿಂದ, ಪದದ ಆರಂಭದ ಬದಲಾಗದ ಭಾಗವನ್ನು ಕೊನೆಯ ಸ್ವರ ಬದಲಾಗುವಂತಿದ್ದರೆ ಅದನ್ನು ಬಿಟ್ಟು ಕೊಡುವುದು ಇಲ್ಲಿನ ಗುಟ್ಟು. 'ಮುನ್ನುಡಿ'ಗೆ 'ಮುನ್ನುಡಿ' ಎಂದೇ ಕೊಡಬಹುದು, 'ಪುಸ್ತಕ'ಕ್ಕೆ 'ಪುಸ್ತಕ' ಸಾಕು, 'ಹಾಳೆ'ಗೆ 'ಹಾಳೆ' ಸರಿ, ಆದರೆ 'ಅಚ್ಚು' ಬೇಕಾದಾಗ 'ಅಚ್ಚ' ಎಂದು ಕೊಡಬೇಕು. ಇಂಗ್ಲಿಷ್ ಮೂಲದ ಪದಗಳಲ್ಲಿ ಒಂದು ಎಚ್ಚರ ಅಗತ್ಯ. 'ಫಾಂಟ್‌ಗಳು' ಎಂಬಲ್ಲಿ ಒತ್ತು ಬಾರದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಸಂಕೇತ ನಡುವೆ ಇರುತ್ತದೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು 'ಫಾಂಟುಗಳು' ಎಂದು ಬರೆದಿರುತ್ತಾರೆ. 'ಫಾಂಟ' ಎಂದಷ್ಟೇ ಕೊಟ್ಟರೆ ಎರಡೂ ಸಿಗುತ್ತವೆ.

ವಿಷಯದ ಸಾಲು, ಕಳುಹಿಸಿದವರು, ಪಡೆದವರು, ಪತ್ರದ ಒಡಲು ಇವುಗಳಲ್ಲಿ ಎಲ್ಲೆಲ್ಲಿ ಹುಡುಕಬೇಕೆಂಬುದನ್ನು ಗುಂಡಿಗಳಿಂದ ಆರಿಸಬಹುದು. ಒಡಲನ್ನೂ ಸೇರಿಸಿದರೆ, ಹಲವು ವರ್ಷಗಳ ಪತ್ರಗಳಿರುವ ಪಟ್ಟಿಯಲ್ಲಿ, ನನ್ನ ಹಳೆಯ ಕಂಪ್ಯೂಟರಿನಲ್ಲಿ, ಫಲಿತಾಂಶಕ್ಕೆ ಕಾಯಬೇಕಾಗುತ್ತದೆ. ಜಿಮೇಲ್‌ನ ವೇಗ ಇಲ್ಲಿಲ್ಲ. ಪತ್ರಗಳನ್ನು ಕಂಪ್ಯೂಟರಿಗೆ ಪೂರ್ತಿ ಇಳಿಸಿಕೊಂಡಿರಬೇಕು ಎಂಬುದನ್ನೂ ಮರೆಯಬಾರದು. ಆದರೆ ಕಾಯ್ದ ಮೇಲೆ ಸಿಗುತ್ತದೆ. ಕಾಯದೆಯೂ ಸಿಗದಿರುವುದಕ್ಕಿಂತ ಕಾಯ್ದು ಸಿಗುವುದು ಕರಡು ತಿದ್ದುವವನಿಗೆ ಹೆಚ್ಚು ಬೆಲೆಯುಳ್ಳದ್ದು.

ಮಾಡಬೇಕಾದ ಕೆಲಸ ಮರೆಯದಿರುವ ವಿಚಾರದಲ್ಲಿ ಮೂರೂ ಹೆಚ್ಚುಕಡಿಮೆ ಒಂದೇ. ನಕ್ಷತ್ರದ ಗುರುತು ಜಿಮೇಲ್‌ನಲ್ಲಿಯೂ ಥಂಡರ್‌ಬರ್ಡ್‌ನಲ್ಲಿಯೂ ಪರಸ್ಪರ ಕಾಣುತ್ತದೆ. ಥಂಡರ್‌ಬರ್ಡ್‌ನ ಬಣ್ಣದ ಟ್ಯಾಗ್‌ಗಳು ಮಾತ್ರ ಜಿಮೇಲ್‌ನ ಪುಟದಲ್ಲಿ ಕಾಣುವುದಿಲ್ಲವಾದ್ದರಿಂದ ಅವನ್ನು ಬಳಸುವುದನ್ನು ಬಿಟ್ಟೆ. ನಿಗದಿತ ದಿನ ಮತ್ತೆ ಬರುವಂತೆ ಪತ್ರವನ್ನು ಮುಂದೂಡುವ ಜಿಮೇಲ್‌ನ ಸೌಲಭ್ಯ, ಮುದ್ರಣಾಲಯದಿಂದ ಮಾದರಿ ಪ್ರತಿ ಬರುವ ದಿನಕ್ಕೆ ಪತ್ರವನ್ನು ಕಾಯಿಸಿಡಲು ಚೆನ್ನಾಗಿದೆ.

ಹಾಗಾಗಿ ಬರಿಯ ಇಂಗ್ಲಿಷಿನಲ್ಲಿ ಪತ್ರವ್ಯವಹಾರ ಮಾಡುವವರು ಮೊದಲ ವಿಧಾನಕ್ಕೇ ನಿಲ್ಲಬಹುದು, ಅವರಿಗೆ ಉಳಿದೆರಡರ ಅಗತ್ಯ ನನಗೆ ಕಾಣುವುದಿಲ್ಲ. ಕನ್ನಡದಲ್ಲಿ ವ್ಯವಹರಿಸುವವರು ಮೊದಲನೆಯದರ ಜೊತೆಗೆ ಮೂರನೆಯದನ್ನು ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಾನು ಫೋನಿನಲ್ಲಿ ಜಿಮೇಲ್ ಬಳಸಿ ವ್ಯಕ್ತಿ ಮತ್ತು ದಿನಾಂಕದಿಂದ ಹುಡುಕುತ್ತೇನೆ, ಪದದಿಂದ ಹುಡುಕಬೇಕಾದಾಗ ಥಂಡರ್‌ಬರ್ಡ್ ತೆರೆಯುತ್ತೇನೆ. ಎರಡನೆಯ ವಿಧಾನದಿಂದ ಯಂತ್ರಗಳು ಕಳುಹಿಸುವ ಪತ್ರಗಳಿಗಾಗಿ ಎರಡು ಲೇಬಲ್‌ಗಳು ಉಳಿದುಕೊಂಡಿವೆ: ತೆರಿಗೆ, ಬಿಲ್ಲು.

ಇದರ ಮೇಲೆ ಒಂದು ಅಭ್ಯಾಸವನ್ನು ಸೇರಿಸಿಕೊಂಡಿದ್ದೇನೆ. ಪ್ರತಿಯೊಂದು ಪುಸ್ತಕಕ್ಕೂ ಎರಡು ಅಕ್ಷರ, ಎರಡು ಅಂಕಿಗಳ ಒಂದು ಸಂಕೇತ ಕೊಟ್ಟು, ನನ್ನ ಮೊದಲ ಉತ್ತರದ ಕೊನೆಯ ಸಾಲಿನಲ್ಲಿ ಅದನ್ನು ಬರೆಯುತ್ತೇನೆ. ವಿಷಯದ ಸಾಲನ್ನು ಮುಟ್ಟುವುದಿಲ್ಲ, ಏಕೆಂದರೆ ಅದನ್ನು ಬದಲಿಸಿದರೆ ಜಿಮೇಲ್ ಸಂಭಾಷಣೆಯನ್ನು ಎರಡಾಗಿ ಒಡೆಯುತ್ತದೆ. ಪ್ರತ್ಯಯ ಅಂಟದ, ಬೇರೆ ಯಾವ ಪತ್ರದಲ್ಲೂ ಬಾರದ ಪದ ಅದಾದ್ದರಿಂದ ಇಡೀ ಪದವನ್ನೇ ಹುಡುಕುವ ಜಿಮೇಲ್‌ನಲ್ಲಿಯೂ ಅದು ತಪ್ಪದೆ ಸಿಗುತ್ತದೆ, ಮತ್ತು ಆ ಒಂದು ಸಾಲಿನ ಮೂಲಕ ಸಂಭಾಷಣೆ ಪೂರ್ತಿ ಕೈಗೆ ಬರುತ್ತದೆ. ನನ್ನೊಡನೆ ಬಹುಕಾಲದಿಂದ ಕೆಲಸ ಮಾಡುವ ಪುಟವಿನ್ಯಾಸಕರಿಗೆ ಇದನ್ನು ನಾನು ವಿವರಿಸಿ ಹೇಳಿರಲಿಲ್ಲ; ಕಳೆದ ತಿಂಗಳಿನಿಂದ ಅವರು ಕಳುಹಿಸುವ ಪಿಡಿಎಫ್‌ಗಳ ಹೆಸರು ಅದೇ ಸಂಕೇತದಿಂದ ಆರಂಭವಾಗುತ್ತಿದೆ.