ಅಸಿಟಜೋಲಮೈಡ್ 250 ಮಿಗ್ರಾಂ ಮಾತ್ರೆ: ಕಣ್ಣಿಗೆ ನಾಲ್ಕು ಸ್ಟಾರ್, ತಲೆನೋವಿಗೆ ಎರಡೇ

ಮೆಡಿಕಲ್ ಶಾಪಿನಲ್ಲಿ ಈ ಚೀಟಿ ಕೊಟ್ಟರೆ "ಗ್ಲಕೋಮಾಕ್ಕಾ?" (ಕಣ್ಣೊಳಗೆ ಒತ್ತಡ ಏರುವ ಕಾಯಿಲೆ) ಎಂದು ಕೇಳುವುದೇ ಹೆಚ್ಚು. ಲಡಾಖ್‌ಗೆ ಹೊರಟವರು ಎತ್ತರದ ಕಾಯಿಲೆ ಬಾರದಿರಲಿ ಎಂದು ಕೊಳ್ಳುವುದೂ ಇದೇ ಮಾತ್ರೆಯನ್ನು. ಡಯಾಮಾಕ್ಸ್ ಎಂಬ ಬ್ರ್ಯಾಂಡ್ ಹೆಸರು ಹೇಳಿದರೆ ಬೇಗ ಗೊತ್ತಾಗುತ್ತದೆ. ನಾವಿಲ್ಲಿ ತೂಗಿ ನೋಡುತ್ತಿರುವುದು ಇದರ ಇನ್ನೊಂದು ಕೆಲಸವನ್ನು: ಮಿದುಳಿನಲ್ಲಿ ಗೆಡ್ಡೆ ಇಲ್ಲದೆಯೂ ತಲೆಬುರುಡೆಯೊಳಗೆ ಒತ್ತಡ ಏರುವ ಐಐಎಚ್ (ಇಡಿಯೋಪಥಿಕ್ ಇಂಟ್ರಾಕ್ರೇನಿಯಲ್ ಹೈಪರ್ಟೆನ್ಷನ್) ಕಾಯಿಲೆ.

ಮಿದುಳಿನ ಸುತ್ತಲಿನ ನೀರು ದಿನಕ್ಕೆ ಸುಮಾರು ಅರ್ಧ ಲೀಟರ್ ಹುಟ್ಟುತ್ತದೆ, ಅಷ್ಟೇ ರಕ್ತಕ್ಕೆ ಇಂಗುತ್ತದೆ. ನೀರು ಹುಟ್ಟಲು ಬೇಕಾದ ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವವನ್ನು ಈ ಮಾತ್ರೆ ತಡೆಯುತ್ತದೆ. ಕಣ್ಣಿನ ನರದ ಹೊದಿಕೆಯೊಳಗೂ ಇದೇ ನೀರಿರುವುದರಿಂದ, ಒತ್ತಡ ಏರಿದರೆ ನರದ ಬುಡ ಊದಿಕೊಳ್ಳುತ್ತದೆ. ಬಾಗಿದಾಗ ಕೆಲವು ಸೆಕೆಂಡು ಕಣ್ಣು ಕತ್ತಲೆಗಟ್ಟುವುದು, ಕಿವಿಯಲ್ಲಿ ನಾಡಿಯ ತಾಳಕ್ಕೆ ಸುಯ್ ಎನ್ನುವ ಸದ್ದು, ಒಂದು ಎರಡಾಗಿ ಕಾಣುವುದು ಎಲ್ಲ ಈ ಕಾಯಿಲೆಯ ಲಕ್ಷಣಗಳೇ.

ತಲೆನೋವಿಗೆ ಎರಡೇ ಸ್ಟಾರ್ ಏಕೆಂದರೆ, ಉತ್ತರ ಅಮೆರಿಕದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಂಡದ್ದೇ ಅದು. ದೃಷ್ಟಿ ಸ್ವಲ್ಪವೇ ಕುಂದಿದ್ದ 165 ಜನರಿಗೆ ತೂಕ ಇಳಿಸುವ, ಉಪ್ಪು ಕಡಿಮೆ ಮಾಡುವ ಪಥ್ಯ ಕೊಟ್ಟು, ಅರ್ಧದಷ್ಟು ಜನರಿಗೆ ಈ ಮಾತ್ರೆ, ಉಳಿದವರಿಗೆ ಔಷಧವೇ ಇಲ್ಲದ ಸಪ್ಪೆ ಮಾತ್ರೆ ಕೊಟ್ಟರು. ಆರು ತಿಂಗಳಿಗೆ ಮಾತ್ರೆಯವರ ದೃಷ್ಟಿಕ್ಷೇತ್ರ ಹೆಚ್ಚು ಸುಧಾರಿಸಿತ್ತು, ನರದ ಊತವೂ ಹೆಚ್ಚು ಇಳಿದಿತ್ತು. ತಲೆನೋವಿನಲ್ಲಿ ಮಾತ್ರ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. "ತಿಂಗಳು ನುಂಗಿದೆ, ತಲೆನೋವು ಹಾಗೇ ಇದೆ, ಬಿಟ್ಟೆ" ಎಂಬ ತೀರ್ಪು ತಪ್ಪಾಗುವುದು ಇಲ್ಲೇ. ಈ ಮಾತ್ರೆಯ ಅಂಕಪಟ್ಟಿ ಇರುವುದು ದೃಷ್ಟಿಕ್ಷೇತ್ರ ಅಳೆಯುವ ಪೆರಿಮೆಟ್ರಿ ಮತ್ತು ನರದ ಊತ ಅಳೆಯುವ ಓಸಿಟಿ ಸ್ಕ್ಯಾನ್ ವರದಿಯಲ್ಲಿ. ಅಕ್ಷರದ ಚಾರ್ಟ್ ನಂಬಬೇಡಿ. ಅಂಚಿನ ದೃಷ್ಟಿ ಸವೆಯುತ್ತಿದ್ದರೂ 6/6 ಸಲೀಸಾಗಿ ಓದಬಹುದು.

ಡೋಸ್ ಸಾಮಾನ್ಯವಾಗಿ 500 ಮಿಗ್ರಾಂ ದಿನಕ್ಕೆರಡು ಬಾರಿ, ಅಂದರೆ ನಾಲ್ಕು ಮಾತ್ರೆಯಿಂದ ಶುರು. ಆ ಪ್ರಯೋಗದಲ್ಲಿ ಸ್ವಲ್ಪಸ್ವಲ್ಪವೇ ಏರಿಸುತ್ತ 4 ಗ್ರಾಂವರೆಗೆ ಹೋದರು. ದಿನಕ್ಕೆ 16 ಮಾತ್ರೆ! ಅಲ್ಲಿಗೆ ಮುಟ್ಟಿದವರು ಅರ್ಧಕ್ಕಿಂತ ಕಡಿಮೆ. 1ರಿಂದ 2 ಗ್ರಾಂನಲ್ಲೇ ನಿಲ್ಲುವವರು ಬೇಕಾದಷ್ಟು ಜನ, ಅದು ಸೋಲೇನಲ್ಲ.

ಇನ್ನು ಕಾಟ. ಬೆರಳ ತುದಿ, ಪಾದ, ತುಟಿಯ ಸುತ್ತ ಜುಮ್ಮೆನ್ನುವುದು ಬಹುತೇಕ ಖಚಿತ. ಕಿರಿಕಿರಿಯೇ ಹೊರತು ಅಪಾಯವಲ್ಲ. ಸೋಡಾ, ಕೋಲಾ ಬಾಯಿಗಿಟ್ಟರೆ ಕೆಟ್ಟ ಲೋಹದ ರುಚಿ: ನಾಲಿಗೆ ಗ್ಯಾಸಿನ ಚುರುಕನ್ನು ಗುರುತಿಸುವುದೂ ಅದೇ ಬಗೆಯ ಕಿಣ್ವದಿಂದ. (ತೂಕ ಇಳಿಸಬೇಕಾದವರಿಗೆ ಇದು ಲಾಭವೇ ಅನ್ನಿ.) ಮೊದಮೊದಲು ಪದೇಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ, ಹಾಗಾಗಿ ಎರಡನೇ ಡೋಸನ್ನು ರಾತ್ರಿ ಹತ್ತಕ್ಕೆ ತಳ್ಳದೆ ಸಂಜೆಯೇ ಮುಗಿಸಿ. ಹೊಟ್ಟೆ ತೊಳಸಿದರೆ ಊಟದ ಜೊತೆ ನುಂಗಿ. ನಿಜವಾಗಿ ಕಣ್ಣಿಡಬೇಕಾದ್ದು ರಕ್ತದ ಪೊಟ್ಯಾಸಿಯಂ ಮತ್ತು ಬೈಕಾರ್ಬನೇಟ್ ಮೇಲೆ. ಎರಡೂ ಇಳಿಯುತ್ತವೆ, ಸುಸ್ತು ಅಲ್ಲಿಂದಲೂ ಬರಬಹುದು. ಕಿಡ್ನಿ ಕಲ್ಲಿನ ಭಯವೂ ಇದೆ, ನೀರು ಧಾರಾಳವಾಗಿ ಕುಡಿಯಿರಿ.

ಕಿಡ್ನಿ ತೀರಾ ಕೆಟ್ಟವರಿಗೆ, ಲಿವರ್ ಸಿರೋಸಿಸ್ ಇರುವವರಿಗೆ ಇದು ಬೇಡ. ಸಲ್ಫಾ ಅಲರ್ಜಿ, ಬಸಿರು ಇದ್ದರೆ ಮೊದಲೇ ಹೇಳಿ. ತಲೆನೋವಿಗೆಂದು ಹೆಚ್ಚು ಡೋಸಿನ ಆಸ್ಪಿರಿನ್ ಜೊತೆಗಿಟ್ಟುಕೊಳ್ಳುವುದಂತೂ ಬೇಡವೇ ಬೇಡ. ಟೊಪಿರಮೇಟ್ ಎಂಬ ಇನ್ನೊಂದು ಔಷಧ ತಲೆನೋವಿಗೂ ತೂಕಕ್ಕೂ ನೆರವಾಗುತ್ತದೆ ನಿಜ, ಆದರೆ ಎರಡನ್ನೂ ಸೇರಿಸಿದರೆ ಕಲ್ಲಿನ ಅಪಾಯ ಹೆಚ್ಚು.

ಮಕ್ಕಳಿಗೆ ಸಾಮಾನ್ಯವಾಗಿ ದಿನಕ್ಕೆ ಕೆಜಿಗೆ 15ರಿಂದ 25 ಮಿಗ್ರಾಂನಿಂದ ಶುರುಮಾಡಿ, ಎರಡು ಮೂರು ಪಾಲು ಮಾಡಿ ಕೊಡುತ್ತಾರೆ. 20 ಕೆಜಿ ಮಗುವಿಗೆ 400 ಮಿಗ್ರಾಂ ಅಂದರೆ ಮಾತ್ರೆಯಲ್ಲಿ ಒಂದೂವರೆಗೂ ಸ್ವಲ್ಪ ಹೆಚ್ಚು. ಈ ಲೆಕ್ಕವೇ ಮನೆಯಲ್ಲಿ ಎಡವಟ್ಟಾಗುವುದು, ಡಾಕ್ಟರ ಹತ್ತಿರ "ಬೆಳಿಗ್ಗೆ ಒಂದು, ಸಂಜೆ ಅರ್ಧ" ಎಂಬಂತೆ ಬರೆಸಿಕೊಳ್ಳಿ. ನುಂಗಲಾಗದ ಮಗುವಿಗೆ ಸಾದಾ ಮಾತ್ರೆಯನ್ನು ಎರಡು ಟೀ ಚಮಚ ಬಿಸಿನೀರಲ್ಲಿ ನೆನೆಸಿ, ಅಷ್ಟೇ ಜೇನು ಬೆರೆಸಿ ಆಗಲೇ ಕುಡಿಸಬಹುದು (ವರ್ಷ ತುಂಬದ ಕೂಸಿಗೆ ಜೇನು ಸಲ್ಲದು). ಎಸ್‌ಆರ್ ಕ್ಯಾಪ್ಸೂಲನ್ನು (ಔಷಧ ನಿಧಾನಕ್ಕೆ ಬಿಡುವ ಬಗೆ) ಹೀಗೆ ಪುಡಿಮಾಡಬಾರದು. ಹತ್ತರೊಳಗಿನ ಮಕ್ಕಳಲ್ಲಿ ಎಷ್ಟೋ ಬಾರಿ ಬೊಜ್ಜೇ ಇರುವುದಿಲ್ಲ, ಹುಡುಗ ಹುಡುಗಿ ಎಂಬ ಭೇದವೂ ಇಲ್ಲ. "ದಪ್ಪ ಹೆಂಗಸರ ಕಾಯಿಲೆ" ಎಂದು ತಳ್ಳಿಹಾಕಿದರೆ ಮಗುವಿನ ಕಣ್ಣು ಹೋಗುತ್ತದೆ.

ಮಾತ್ರೆ ಕೆಲಸ ಮಾಡಲಿಲ್ಲ ಅನ್ನುವವರಲ್ಲಿ ಕೆಲವರಿಗೆ ಕಾಯಿಲೆಯೇ ಬೇರೆಯಿರುತ್ತದೆ. ಎಂಆರ್‌ಐ ಜೊತೆ ಎಂಆರ್‌ವಿ (ಮಿದುಳಿನ ಅಶುದ್ಧ ರಕ್ತನಾಳಗಳ ಸ್ಕ್ಯಾನ್) ಆಗಿದೆಯೇ ನೋಡಿ. ಮಿದುಳಿನ ಅಶುದ್ಧ ರಕ್ತದ ನಾಳದಲ್ಲಿ ಹೆಪ್ಪುಗಟ್ಟಿದರೂ, ಉದಾಹರಣೆಗೆ ಬಾಣಂತಿಯರಲ್ಲಿ, ಇದೇ ಲಕ್ಷಣ. ಅದಕ್ಕೆ ಬೇಕಾದ್ದು ರಕ್ತ ತೆಳುಮಾಡುವ ಔಷಧ. ಆಮೇಲೆ ಬೆನ್ನಿನಿಂದ ನೀರು ತೆಗೆಯುವಾಗ ಒತ್ತಡ ಅಳೆದಿರಬೇಕು: ಮಗ್ಗುಲಾಗಿ ಮಲಗಿಸಿ, ಮೈ ಸಡಿಲಿಸಿ, ಕಾಲು ಚಾಚಿಸಿ. ದೊಡ್ಡವರಲ್ಲಿ 250 ಮಿ.ಮೀ. ನೀರು, ಮಕ್ಕಳಲ್ಲಿ 280 ದಾಟಿದರೆ ಹೆಚ್ಚು; ಬೊಜ್ಜಿಲ್ಲದ, ಮಂಪರು ಔಷಧ ಕೊಡದ ಮಗುವಿಗೆ 250. ಮೊಡವೆಗೆ ನುಂಗುತ್ತಿರುವ ಡಾಕ್ಸಿಸೈಕ್ಲಿನ್, ಐಸೊಟ್ರೆಟಿನಾಯಿನ್, ಮಿತಿಮೀರಿದ ವಿಟಮಿನ್ ಎ ಇದ್ದರೆ ಡಾಕ್ಟರಿಗೆ ಹೇಳಿ. ಒತ್ತಡ ಏರಿಸುತ್ತಿರುವುದು ಅದೇ ಇರಬಹುದು.

ತೂಕ ಹೆಚ್ಚಿರುವವರಲ್ಲಿ ಮಾತ್ರೆ ಕಣ್ಣಿಗೆ ಕಾವಲು ಕಾಯುವಷ್ಟು ಹೊತ್ತಿಗೆ ತೂಕ ಇಳಿಯಬೇಕು, ಉಪ್ಪಿನಕಾಯಿ ಹಪ್ಪಳ ತಟ್ಟೆಯಿಂದ ಇಳಿಯಬೇಕು. ನರದ ಊತ ಪೂರ್ತಿ ಇಳಿದ ಮೇಲೆ ಡೋಸ್ ನಿಧಾನಕ್ಕೆ ಕಡಿಮೆಮಾಡುತ್ತಾರೆ. ತೂಕ ಮತ್ತೆ ಏರಿದರೆ ಕಾಯಿಲೆ ಮರಳಬಹುದು. ದೃಷ್ಟಿ ದಿನದಿಂದ ದಿನಕ್ಕೆ ಕುಸಿಯುತ್ತಿದ್ದರೆ ಮಾತ್ರ ಡೋಸ್ ಏರಿಸುತ್ತ ಕೂರುವ ಹೊತ್ತಲ್ಲ. ನರದ ಹೊದಿಕೆಗೆ ಕಿಂಡಿ ಕೊರೆಯುವ ಅಥವಾ ಶಂಟ್ (ಹೆಚ್ಚಿನ ನೀರನ್ನು ಬೇರೆಡೆಗೆ ಹರಿಸುವ ಕೊಳವೆ) ಹಾಕುವ ಆಪರೇಷನ್ ಬೇಕಾಗಬಹುದು, ಅದೇ ದಿನ ನ್ಯೂರೋ ವಿಭಾಗವಿರುವ ಆಸ್ಪತ್ರೆಗೆ ಹೋಗಿ.