ಜೇಬಿನ ತಕ್ಕಡಿ: ಒಂದೂವರೆ ವರ್ಷ ನಾಣ್ಯ ತೂಗಿದ ಮೇಲೆ

ಆ ನಾಣ್ಯ ತನ್ನ ತೂಕವನ್ನು ತನ್ನ ಮೈಮೇಲೇ ಬರೆದುಕೊಂಡಿತ್ತು. ಅದು ಅಮೆರಿಕದ ಟ್ರೇಡ್ ಡಾಲರ್, ಏಷ್ಯಾದ ವ್ಯಾಪಾರಕ್ಕೆಂದು 1873ರಿಂದ ಅಚ್ಚು ಹಾಕಿಸಿದ್ದು. ಹದ್ದಿನ ಕೆಳಗೆ ‘420 ಗ್ರೇನ್, 900 ಶುದ್ಧತೆ’ (ಸಾವಿರಕ್ಕೆ 900 ಪಾಲು ಬೆಳ್ಳಿ) ಎಂದು ಸ್ಪಷ್ಟವಾಗಿ ಕೊರೆದಿರುತ್ತಾರೆ. 420 ಗ್ರೇನ್ ಅಂದರೆ 27.22 ಗ್ರಾಂ. ನಾನು ಅದನ್ನು ಕೈಯಲ್ಲಿ ಹಿಡಿದು, ‘ಭಾರ ಇದೆ, ಬೆಳ್ಳಿಯೇ’ ಎಂದು ನಂಬಿ ಕೊಂಡಿದ್ದೆ. ಈ ತಕ್ಕಡಿ ಬಂದ ದಿನ ಮೊದಲು ತೂಗಿದ್ದು ಅದನ್ನೇ. 23.06 ಗ್ರಾಂ. ಇನ್ನೊಮ್ಮೆ ಇಟ್ಟೆ, 23.06. ಸುಮಾರು 356 ಗ್ರೇನ್ ತೂಗುವ ಲೋಹದ ಬಿಲ್ಲೆ ಮೂರು ವರ್ಷದಿಂದ ನನ್ನ ಪೆಟ್ಟಿಗೆಯಲ್ಲಿ ಮರ್ಯಾದೆಯ ಜಾಗದಲ್ಲಿ ಕೂತಿತ್ತು. ಅವತ್ತಿನ ಸಂಕಟ ಈಗಲೂ ನೆನಪಿದೆ.

ಇದೇ ಅಚ್ಚಿನ ತಕ್ಕಡಿಯನ್ನು ಹತ್ತಾರು ಹೆಸರಿನಲ್ಲಿ ಮಾರುತ್ತಾರೆ. ಆದ್ದರಿಂದ ಹೆಸರು ಬಿಟ್ಟು ಲಕ್ಷಣ ಹೇಳುತ್ತೇನೆ. ಅಂಗೈಯಗಲ, ಮೊಬೈಲ್‌ಗಿಂತ ಸ್ವಲ್ಪ ದಪ್ಪ. 200 ಗ್ರಾಂವರೆಗೆ ತೂಗುತ್ತದೆ, 0.01 ಗ್ರಾಂವರೆಗೆ ಅಂಕಿ ತೋರಿಸುತ್ತದೆ. ಸ್ಟೀಲ್ ತಟ್ಟೆ, ಪ್ಲಾಸ್ಟಿಕ್ ಮುಚ್ಚಳ, ಎರಡು ಸಣ್ಣ ಸೆಲ್. ಅಂಕಿ ತೋರಿಸುವುದು ಬೇರೆ, ಆ ಅಂಕಿ ಸರಿಯಿರುವುದು ಬೇರೆ. ಹಾಗಾಗಿ 50 ಗ್ರಾಂನ ಪ್ರಮಾಣಿತ ತೂಕದ ಬೊಟ್ಟೊಂದನ್ನು ಬೇರೆಯಾಗಿ ತರಿಸಿಕೊಂಡೆ. ಮೊದಲು ಅದನ್ನಿಟ್ಟು ನೋಡದೆ ನಾನು ಯಾವ ನಾಣ್ಯವನ್ನೂ ತೂಗುವುದಿಲ್ಲ. ಚಳಿಯಲ್ಲಿ ಆಗತಾನೆ ಆನ್ ಮಾಡಿದರೆ 49.97 ತೋರಿಸಿದ್ದುಂಟು. ಐದು ನಿಮಿಷ ಬಿಟ್ಟರೆ 50.00ಕ್ಕೆ ಬಂದು ನಿಲ್ಲುತ್ತದೆ. ಫ್ಯಾನ್ ಗಾಳಿಗೆ ಕೊನೆಯ ಅಂಕಿ ಕುಣಿಯುತ್ತದೆ, ಆರಿಸಿಯೇ ತೂಗಬೇಕು.

ಬರೀ ತೂಗುವುದಕ್ಕಿಂತ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ನೀರಿನ ಪರೀಕ್ಷೆ. ಒಂದು ಹಗುರ ಲೋಟದಲ್ಲಿ ಅರ್ಧ ನೀರು ತುಂಬಿ ತಟ್ಟೆಯ ಮೇಲಿಟ್ಟು, ಟೇರ್ ಗುಂಡಿ ಒತ್ತಿ ಸೊನ್ನೆಗೆ ತರಬೇಕು. ನಾಣ್ಯವನ್ನು ತೆಳು ನೈಲಾನ್ ದಾರದಲ್ಲಿ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಬೇಕು. ಆಗ ಬರುವ ಅಂಕಿ ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಒಣ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ನೂರಕ್ಕೆ ತೊಂಬತ್ತು ಪಾಲು ಬೆಳ್ಳಿ, ಹತ್ತು ಪಾಲು ತಾಮ್ರವಿದ್ದರೆ ಸುಮಾರು 10.3 ಬರಬೇಕು. ನನ್ನ ಟ್ರೇಡ್ ಡಾಲರ್ 2.71 ತೋರಿಸಿತು, ಅಂದರೆ ಸಾಂದ್ರತೆ 8.5. ಹಿತ್ತಾಳೆಯ ಆಸುಪಾಸು. ಕೈಯಲ್ಲಿ ದಾರ ಹಿಡಿದರೆ ನಡುಕಕ್ಕೆ ಅಂಕಿ ನಿಲ್ಲುವುದಿಲ್ಲ. ಎರಡು ಪುಸ್ತಕದ ಗುಡ್ಡೆಗಳ ಮೇಲೆ ಅಡ್ಡಲಾಗಿ ಒಂದು ಕಡ್ಡಿ ಇಟ್ಟು ಅದರಿಂದ ಇಳಿಬಿಡುತ್ತೇನೆ. ನಾಣ್ಯಕ್ಕೆ ಗುಳ್ಳೆ ಅಂಟಿಕೊಂಡಿದ್ದರೆ ಲೆಕ್ಕ ತಪ್ಪುತ್ತದೆ, ದಾರವನ್ನು ಮೆಲ್ಲಗೆ ತಟ್ಟಿ ಬಿಡಿಸಬೇಕು. ಆಮೇಲೆ ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒಣಗಿಸಬೇಕು, ದಯವಿಟ್ಟು ಉಜ್ಜಬೇಡಿ. ಉಜ್ಜಿ ಹೊಳಪು ತಂದ ನಾಣ್ಯ ಅಸಲಿಯಾಗಿದ್ದರೂ ಬೆಲೆ ಕಳೆದುಕೊಳ್ಳುತ್ತದೆ. ಹಳೆಯ ತಾಮ್ರದ ನಾಣ್ಯಗಳನ್ನು ನಾನು ನೀರಿಗೇ ಇಳಿಸುವುದಿಲ್ಲ.

ತಕ್ಕಡಿಯ ಮೇಲೆ ನನ್ನ ದೊಡ್ಡ ದೂರು ಇರುವುದೂ ಇಲ್ಲೇ. ಅರವತ್ತು ಸೆಕೆಂಡು ಮುಟ್ಟದಿದ್ದರೆ ತಾನಾಗಿ ಆರಿಹೋಗುತ್ತದೆ. ದಾರ ಸರಿಮಾಡಿ, ಗುಳ್ಳೆ ಬಿಡಿಸುವಷ್ಟರಲ್ಲಿ ಪರದೆ ಕಪ್ಪು, ಟೇರ್ ಮಾಡಿದ್ದೆಲ್ಲ ಹೋಯಿತು. ಹೊಸದಾಗಿ ಕೊಳ್ಳುವವರು ಈ ಸ್ವಯಂ ಆರುವಿಕೆಯನ್ನು ನಿಲ್ಲಿಸಲು ಬರುವ ಮಾದರಿಯನ್ನೇ ಹುಡುಕಿ.

ಅಂಕಿ ಓದುವುದಕ್ಕೂ ಅಭ್ಯಾಸ ಬೇಕು. ಟಂಕಸಾಲೆಗಳು ತೂಕದಲ್ಲಿ ಇಷ್ಟು ಹೆಚ್ಚುಕಡಿಮೆ ಇರಬಹುದೆಂದು ಮಿತಿ ಇಟ್ಟುಕೊಂಡಿದ್ದವು. ಅಮೆರಿಕದ ಹಳೆಯ ಬೆಳ್ಳಿ ನಾಣ್ಯವಾದ ಮಾರ್ಗನ್ ಡಾಲರ್ 26.73 ಗ್ರಾಂ, ಮಿತಿ ಒಂದೂವರೆ ಗ್ರೇನ್, ಅಂದರೆ 0.1 ಗ್ರಾಂನಷ್ಟು. 26.66 ಬಂದರೆ ಗಾಬರಿ ಬೇಡ. 1790ರ ದಶಕದ ಅಮೆರಿಕದ ಡಾಲರ್‌ಗಳ ಮೇಲೆ ಸಾಲುಸಾಲಾಗಿ ಅರದ ಗೀರುಗಳು ಕಾಣುವುದುಂಟು. ಅಚ್ಚು ಒತ್ತುವ ಮೊದಲು ಬಿಲ್ಲೆ ತೂಗಿ, ಭಾರ ಹೆಚ್ಚಾದರೆ ಟಂಕಸಾಲೆಯವರೇ ಅರದಿಂದ ಉಜ್ಜಿ ಸರಿಮಾಡುತ್ತಿದ್ದ ಗುರುತು ಅದು. ಈಚೆಗೆ ಯಾರೋ ಗೀಚಿದ್ದೆಂದು ಅದನ್ನು ತಳ್ಳಿಹಾಕಬಾರದು.

ಸವೆತದ ಲೆಕ್ಕವನ್ನೂ ಹಿಡಿಯಬೇಕು. ನನ್ನ ಬಳಿಯ ವಿಕ್ಟೋರಿಯಾ ರೂಪಾಯಿ ಹುಟ್ಟಿದಾಗ 11.66 ಗ್ರಾಂ ಇದ್ದದ್ದು, ಈಗ 11.48. ರಾಣಿಯ ಕಿರೀಟದ ಗೆರೆಗಳು ಅಳಿಸಿವೆ, ಅಂಚಿನ ಹಲ್ಲುಗಳು ಮೊಂಡಾಗಿವೆ, ತೂಕ ಇಳಿದಿದೆ. ಮೂರಕ್ಕೂ ಹೊಂದಿಕೆಯಿದೆ. ಮುಖವೆಲ್ಲ ಸವೆದಂತೆ ಕಂಡರೂ ತೂಕ ಒಂದಿಷ್ಟೂ ಇಳಿಯದ ನಾಣ್ಯವನ್ನು ಕಂಡರೆ ನನಗೆ ಹೆಚ್ಚು ಅನುಮಾನ. ಸವೆದ ನಾಣ್ಯದ ಪಡಿಯಚ್ಚು ತೆಗೆದು ಎರಕ ಹೊಯ್ದಿರಬಹುದು. ಬ್ರಿಟಿಷ್ ಚಿನ್ನದ ಸಾವರಿನ್ 7.99 ಗ್ರಾಂ ಇರಬೇಕು, ಚಲಾವಣೆಯಲ್ಲಿ ಸವೆದು 7.94ಕ್ಕಿಂತ ಕೆಳಗಿಳಿದರೆ ಕಾನೂನಿನ ಪ್ರಕಾರ ಅದು ನಡೆಯುತ್ತಿರಲಿಲ್ಲ. ಆ 0.05ರ ವ್ಯತ್ಯಾಸವನ್ನು ಇಷ್ಟು ಚಿಕ್ಕ ಯಂತ್ರ ನೋಡಬಲ್ಲದು ಎಂಬುದೇ ನನಗೆ ಸಂತೋಷ.

1943ರ ಅಮೆರಿಕದ ಸೆಂಟ್ ಕೂಡ ಇದರ ಮುಂದೆ ನಿಲ್ಲುವುದಿಲ್ಲ. ಯುದ್ಧಕ್ಕೆ ತಾಮ್ರ ಬೇಕಾಗಿ ಆ ವರ್ಷ ಸೆಂಟ್‌ಗಳನ್ನು ಉಕ್ಕಿನಲ್ಲಿ ಮಾಡಿದರು, ಬೆರಳೆಣಿಕೆಯಷ್ಟು ಮಾತ್ರ ತಪ್ಪಿ ಕಂಚಿನಲ್ಲಿ ಬಿದ್ದವು. ಉಕ್ಕಿಗೆ ತಾಮ್ರದ ಲೇಪ ಕೊಟ್ಟು ‘ಸಿಕ್ಕಿತು’ ಎಂದು ತೋರಿಸುವವರು ಇದ್ದಾರೆ. ಉಕ್ಕಿನದು 2.7 ಗ್ರಾಂ, ಕಂಚಿನದು 3.11. ಅಯಸ್ಕಾಂತವೂ ಬೇಕಿಲ್ಲ.

ಇನ್ನು ನನಗೆ ಪಾಠವಾದ ಎರಡನೆಯ ನಾಣ್ಯ, 1889ರ ಮಾರ್ಗನ್ ಡಾಲರ್. ಹಿಂಬದಿಯಲ್ಲಿ ಕಾರ್ಸನ್ ಸಿಟಿ ಟಂಕಸಾಲೆಯ ‘ಸಿಸಿ’ ಗುರುತು. ತೂಕ 26.71, ನೀರಿನಲ್ಲಿ 2.59, ಸಾಂದ್ರತೆ 10.31. ತಕ್ಕಡಿಗೆ ಹಿಡಿಯಲು ಏನೂ ಸಿಗಲಿಲ್ಲ. ಆ ರಾತ್ರಿ ಹತ್ತುಪಟ್ಟು ಹಿಗ್ಗಿಸುವ ಲೂಪ್ ಕೆಳಗೆ, ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದೆ. ಎರಡೂ ‘ಸಿ’ಗಳ ಬುಡದಲ್ಲಿ ಕೂದಲೆಳೆಯಂಥ ಗೆರೆ. ಅಚ್ಚಿನಲ್ಲಿ ಮೂಡಿದ ಅಕ್ಷರ ನಾಣ್ಯದ ಮೈಯಿಂದಲೇ ಎದ್ದಿರುತ್ತದೆ, ಅಲ್ಲಿ ಗೆರೆ ಇರುವುದಿಲ್ಲ. ಇವು ಆಮೇಲೆ ಕೂರಿಸಿದವು. ಅಸಲಿ ನಾಣ್ಯ, ಅಸಲಿ ಬೆಳ್ಳಿ, ಖೋಟಾ ಇರುವುದು ಎರಡೇ ಅಕ್ಷರದಲ್ಲಿ. ಆ ವರ್ಷ ಫಿಲಡೆಲ್ಫಿಯಾದಲ್ಲಿ 2 ಕೋಟಿಗೂ ಹೆಚ್ಚು ಡಾಲರ್ ಅಚ್ಚಾದವು, ಕಾರ್ಸನ್ ಸಿಟಿಯಲ್ಲಿ ಮೂರೂವರೆ ಲಕ್ಷ. ಬೆಲೆಯ ಅಂತರವೆಲ್ಲ ಅಲ್ಲಿದೆ, ಅದನ್ನು ಯಾವ ತಕ್ಕಡಿಯೂ ತೂಗದು.

ಲೋಹ ಅಸಲಿಯಾದರೆ ತಕ್ಕಡಿ ಹಿಡಿಯದು ಎಂಬುದನ್ನು ಜರ್ಮನಿಯ ಖೋಟಾ ನಾಣ್ಯಗಾರ ಕಾರ್ಲ್ ಬೆಕರ್ (1772–1830) ಇನ್ನೂರು ವರ್ಷದ ಹಿಂದೆಯೇ ಅರಿತಿದ್ದ. ಪ್ರಾಚೀನ ನಾಣ್ಯಗಳ ಅಚ್ಚನ್ನು ತಾನೇ ಕೊರೆದು, ಅಗ್ಗದ ಅಸಲಿ ಹಳೆಯ ನಾಣ್ಯಗಳ ಮೇಲೇ ಒತ್ತುತ್ತಿದ್ದ. ಹೊಸತನ ಕಾಣಬಾರದೆಂದು ಅವನ್ನು ಕಬ್ಬಿಣದ ಪುಡಿಯ ಪೆಟ್ಟಿಗೆಗೆ ಹಾಕಿ, ಗಾಡಿಗೆ ಕಟ್ಟಿ ಓಡಾಡಿಸುತ್ತಿದ್ದ. ಆಸ್ಟ್ರಿಯಾದ ರಾಣಿಯ ಹೆಸರಿನ ಬೆಳ್ಳಿ ನಾಣ್ಯ ಮರಿಯಾ ಥೆರೇಸಾ ಥಾಲರ್ ವಿಚಾರದಲ್ಲಿ ಮೋಸವೂ ಇಲ್ಲ. ರಾಣಿ ತೀರಿಕೊಂಡ 1780ರ ಇಸವಿಯನ್ನೇ ಹಾಕಿ ವಿಯೆನ್ನಾ, ಲಂಡನ್, ರೋಮ್, ಮುಂಬಯಿ ಟಂಕಸಾಲೆಗಳು 20ನೇ ಶತಮಾನದಲ್ಲೂ ಅದನ್ನು ಮಾಡಿದವು. 28.07 ಗ್ರಾಂ ಬಂದರೆ ಥಾಲರ್ ಸರಿಯಿದೆ ಎಂದಷ್ಟೇ ಅರ್ಥ, ಅದರ ವಯಸ್ಸು ತಿಳಿಯಲು ಅಚ್ಚಿನ ಸಣ್ಣ ಗುರುತುಗಳನ್ನೇ ಓದಬೇಕು.

ಅರ್ಧ ಗ್ರಾಂಗೂ ಕಡಿಮೆಯ ಚಿನ್ನದ ಪಣ ಕೂಡಿಸುವವರಿಗೆ ಈ ತಕ್ಕಡಿ ಸಾಲದು. ಅಷ್ಟು ಸಣ್ಣ ನಾಣ್ಯದಲ್ಲಿ ಕೊನೆಯ ಒಂದು ಅಂಕಿ ಆಚೀಚೆಯಾದರೆ ನೂರಕ್ಕೆ ಎರಡು ಮೂರು ಪಾಲು ಏರುಪೇರು. ಅವರು 0.001 ಗ್ರಾಂ ತೋರಿಸುವುದನ್ನೇ ಕೊಳ್ಳಲಿ. ರೂಪಾಯಿ, ಡಾಲರ್, ಸಾವರಿನ್ ಗಾತ್ರದವನ್ನು ಕೂಡಿಸುವವರಿಗೆ ಧೈರ್ಯವಾಗಿ ಹೇಳುತ್ತೇನೆ: ಮುಂದಿನ ನಾಣ್ಯ ಕೊಳ್ಳುವ ಮೊದಲು ಇದನ್ನು ಕೊಳ್ಳಿ, ಜೊತೆಗೊಂದು ಒಳ್ಳೆಯ ಲೂಪ್ ಇರಲಿ. ನನ್ನದರ ಮುಚ್ಚಳದ ಒಳಗೆ ಚೀಟಿ ಅಂಟಿಸಿದ್ದೇನೆ: 7.99, 11.66, 26.73, 27.22, 28.07. ಕೆಳಗೆ, ಆ ಡಾಲರ್ ಸಿಕ್ಕಿಬಿದ್ದ ರಾತ್ರಿ ಬರೆದದ್ದು: ‘ಅಕ್ಷರದ ಬುಡ ನೋಡು.’